ಏಳಗಸಿಯ ಮದೀನಾಬಿ

ಕನ್ನಡ ಕಲಿಸುವ ಅಕ್ಕೋರಿಗೆ ಒಂದು ರೋಗವಿರುತ್ತದೆ, ಅದಕ್ಕೆ ಯಾವ ಡಾಕ್ಟರರ ಹತ್ತಿರವೂ ಔಷಧವಿಲ್ಲ. ಯಾವ ಬರಹ ಕೈಗೆ ಸಿಕ್ಕರೂ ಅದನ್ನು ತಿದ್ದಿ, ಶುದ್ಧ ಪ್ರತಿ ತೆಗೆದು, ಚೊಕ್ಕವಾಗಿ ಎತ್ತಿಡಬೇಕು. ಗರಗದ ಕಡೆಯ ಒಂದು ಹೈಸ್ಕೂಲಿನಲ್ಲಿ ಹನ್ನೊಂದು ವರ್ಷದಿಂದ ಕನ್ನಡ ಕಲಿಸುವ ಯಶೋಧರಾಗೆ ಈ ರೋಗ ತುಸು ಹೆಚ್ಚೇ ಇತ್ತು. ಲಗ್ನಪತ್ರಿಕೆ ಕೊಡಲು ಬಂದವರು ಅವಳ ಎದುರು ಐದು ನಿಮಿಷ ಕೈಕಟ್ಟಿ ನಿಂತಿರಬೇಕಾಗುತ್ತಿತ್ತು. ಈ ಗುಣದಿಂದ ಮಕ್ಕಳಿಗೆ ಒಳ್ಳೆಯದಾಯಿತು, ಸಹೋದ್ಯೋಗಿಗಳಿಗೆ ಕಿರಿಕಿರಿಯಾಯಿತು, ಅವಳಿಗೆ ಮಾತ್ರ ಒಬ್ಬ ಗೆಳತಿಯನ್ನೇ ಕಳೆದುಕೊಳ್ಳುವ ಪ್ರಸಂಗ ಬಂತು.

ಮೊದಲು ಆಟದ ವಿಷಯ ಹೇಳಬೇಕು. ಪ್ರತಿ ಭಾನುವಾರ ಮೂರು ಗಂಟೆಗೆ ಹುಬ್ಬಳ್ಳಿಯ ವಿದ್ಯಾನಗರದಲ್ಲಿ, ಗುರುಪಾದನ ಮನೆಯ ಮಾಳಿಗೆಯ ಖೋಲಿಯಲ್ಲಿ ನಾಲ್ವರು ಸೇರುತ್ತಿದ್ದರು. ಅರಳೆ ವ್ಯಾಪಾರದ ಗುರುಪಾದ, ಅವನ ಹೆಂಡತಿ ಸೌಮ್ಯಾ, ಅಲ್ಲೇ ಒಂದು ಆಸ್ಪತ್ರೆಯ ಔಷಧದಂಗಡಿಯಲ್ಲಿ ಫಾರ್ಮಸಿಸ್ಟ್ ಆಗಿರುವ ಬುಶ್ರಾ, ಧಾರವಾಡದಿಂದ ಬಸ್ಸು ಹತ್ತಿ ಬರುವ ಯಶೋಧರಾ. ಬುಶ್ರಾ ಕಾಲೇಜಿನಲ್ಲಿ ಯಶೋಧರಾಗಿಂತ ಎರಡು ವರ್ಷ ಹಿಂದಿದ್ದವಳು, ಅಂದಿನಿಂದಲೂ ಅವಳಿಗೆ "ಅಕ್ಕಾ" ಎನ್ನುವವಳು. ಇವರು ಆಡುವ ಆಟಕ್ಕೆ ಪಟವಿಲ್ಲ, ಕಾಯಿಯಿಲ್ಲ. ಒಬ್ಬರು ಕಥೆ ನಡೆಸುತ್ತಾರೆ: ಎದುರಿಗೆ ಕೋಟೆ ಇದೆ, ಕಾವಲುಗಾರ ಆಕಳಿಸುತ್ತಿದ್ದಾನೆ, ಏನು ಮಾಡುತ್ತೀರಿ? ಉಳಿದವರು ಒಂದೊಂದು ಪಾತ್ರವಾಗಿ ತಾವೇನು ಮಾಡುತ್ತೇವೆಂದು ಹೇಳುತ್ತಾರೆ. ಅದು ಕೈಗೂಡುತ್ತದೋ ಇಲ್ಲವೋ ಎಂಬ ಅನುಮಾನ ಬಂದಾಗ ದಾಳ ಹಾಕುತ್ತಾರೆ. ಗುರುಪಾದನ ಅವ್ವ ಬಾಳವ್ವ ಮೊದಮೊದಲು ಇದು ಇಸ್ಪೀಟಿನ ಅಡ್ಡೆ ಎಂದೇ ತಿಳಿದು ಮುನಿಸಿಕೊಂಡಿದ್ದಳು. "ಕಥಿ ಆಡಾಕತ್ತೇವಬೇ" ಎಂದು ಮಗ ಹೇಳಿದಾಗ, "ಕಥಿ ಹೇಳತಾರ, ಆಡತಾರೇನೋ ಮಬ್ಬ?" ಎಂದು ಬೈದು, ಆಮೇಲೆ ತಾನೇ ಎಲ್ಲರಿಗೂ ಗಿರ್ಮಿಟ್ ಕಲಸಿ ಕಳಿಸತೊಡಗಿದಳು.

ಕಥೆ ನಡೆಸುವವಳು ಯಶೋಧರಾ. ಅವಳು ಕಟ್ಟಿದ ಊರಿನ ಹೆಸರು ಏಳಗಸಿ. ಏಳು ಹೆಬ್ಬಾಗಿಲಿನ ಊರು, ಏಳೂ ಅಗಸಿಗಳು ಹೊತ್ತು ಮುಳುಗಿದ ಮೇಲೆ ಒಂದೊಂದು ಕಾರಣಕ್ಕೆ ಮುಚ್ಚುತ್ತವೆ. ಊರು ಅವಳದಾದರೂ ಊರೊಳಗಿನ ಮಂದಿ, ಮನೆ, ಓಣಿ ನಾಲ್ವರೂ ಕೂಡಿ ಹುಟ್ಟಿಸಿದ್ದು. ಎಲ್ಲವನ್ನೂ ಉದ್ದನೆಯ ನೋಟಬುಕ್ಕಿನಲ್ಲಿ ಬರೆದಿಡುತ್ತಿದ್ದರು. ಅದಕ್ಕೊಂದು ಪದ್ಧತಿಯಿತ್ತು. ಯಾರು ಒಂದು ಪಾತ್ರವನ್ನೋ ಜಾಗವನ್ನೋ ತಂದರೋ ಅವರು ಅದರ ಎದುರು ಮಾರ್ಜಿನ್ನಿನಲ್ಲಿ ಹೆಸರು ಬರೆಯಬೇಕು. ಅವರನ್ನು ಕೇಳದೆ ಆ ಪಾತ್ರವನ್ನು ಕೊಲ್ಲುವಂತಿಲ್ಲ, ಜೈಲಿಗೆ ಹಾಕುವಂತಿಲ್ಲ, ಮದುವೆ ಕೂಡ ಮಾಡುವಂತಿಲ್ಲ. ಸೌಮ್ಯಾ ಕಟ್ಟಿದ ಧರ್ಮಛತ್ರಕ್ಕೆ ಗುರುಪಾದ ಉತ್ಸಾಹದಲ್ಲಿ ಬೆಂಕಿ ಹಚ್ಚಿ, ಮನೆಯಲ್ಲಿ ಎರಡು ದಿನ ಮಾತುಕತೆ ನಿಂತ ಮೇಲೆ ಬಂದ ಪದ್ಧತಿ ಇದು. ಹಾಗಾಗಿ ಬೇರೆಯವರದನ್ನು ಮುಟ್ಟುವ ಮೊದಲು "ಕೇಳಿ ಬಂದೀಯೇನ?" ಎಂದು ಕೇಳುವುದು ಆ ಖೋಲಿಯ ರೂಢಿಯೇ ಆಗಿಹೋಯಿತು.

ಬುಶ್ರಾ ತಂದ ಪಾತ್ರ ಮದೀನಾಬಿ. ಹಳೇ ಹುಬ್ಬಳ್ಳಿಯಲ್ಲಿ ಐವತ್ತು ವರ್ಷ ಬಳೆಯ ಮಲಾರ ಹೊತ್ತು ಮನೆಮನೆ ತಿರುಗಿದ ಅವಳ ನಾನಿ, ಅಂದರೆ ತಾಯಿಯ ತಾಯಿ, ಇದ್ದಹಾಗೇ ಆಟದೊಳಗೆ ಬಂದಿದ್ದಳು. ಹೆಸರನ್ನೂ ಬದಲಿಸಿರಲಿಲ್ಲ. ಏಳಗಸಿಯಲ್ಲಿ ಯಾವ ಬಾಗಿಲು ಮುಚ್ಚಿದ್ದರೂ ಮದೀನಾಬಿ "ಬಳೀ..." ಎಂದು ಕೂಗಿದರೆ ತೆರೆಯುತ್ತದೆ. ಕೋಟೆಯ ರಾಣಿಯಿಂದ ಹಿಡಿದು ಕಾವಲುಗಾರನ ಸೊಸೆಯವರೆಗೆ ಎಲ್ಲ ಹೆಂಗಸರೂ ಅವಳನ್ನು ಒಳಗೆ ಕರೆಯುತ್ತಾರೆ. ಅವಳಿಂದ ಆಟಕ್ಕೆ ಒಂದು ನಿಯಮವೂ ಬಂದಿತ್ತು. ಬಳೆ ತೊಡಿಸುವಾಗ ಒಡೆದರೆ ಲುಕ್ಸಾನು ತೊಡಿಸುವವಳದು, ತೊಟ್ಟುಕೊಳ್ಳುವವಳದಲ್ಲ. ಬಳೆಗಾರರಲ್ಲಿ ಇದು ಮೊದಲಿನಿಂದ ನಡೆದುಬಂದದ್ದು. ಏಳಗಸಿಯಲ್ಲೂ ಹಾಗೆಯೇ: ಇನ್ನೊಬ್ಬರ ಕೆಲಸಕ್ಕೆ ನೆರವಾಗಲು ಹೋಗಿ ದಾಳ ಕೆಟ್ಟು ಬಿದ್ದರೆ ಪೆಟ್ಟು ನೆರವಿಗೆ ಹೋದವರಿಗೆ. ಈ ಒಂದು ನಿಯಮ ಬಂದ ಮೇಲೆ ಆಟದ ರುಚಿಯೇ ಬೇರೆಯಾಯಿತು. ಸಹಾಯ ಮಾಡುತ್ತೇನೆನ್ನುವ ಮೊದಲು ಗುರುಪಾದನಂಥ ಅವಸರದ ಮನುಷ್ಯನೂ ಎರಡು ಸಲ ಯೋಚಿಸುವಂತಾಯಿತು.

ಏಳು ವರ್ಷಕ್ಕೆ ನಾಲ್ಕು ನೋಟಬುಕ್ಕು ತುಂಬಿದವು. ಯಶೋಧರಾ ಒಮ್ಮೆ ತನ್ನ ಎಂಟನೆಯ ತರಗತಿಯಲ್ಲಿ ಈ ಆಟ ಆಡಿಸಿದಳು. ಜೂನ್ ತಿಂಗಳಿನಿಂದ ಬಾಯಿಯನ್ನೇ ಬಿಡದಿದ್ದ ಒಬ್ಬ ಹುಡುಗಿ ಅಗಸಿಯ ಕಾವಲುಗಾರ್ತಿಯಾಗಿ ಇಡೀ ವರ್ಗವನ್ನು ಗದರಿಸಿ ನಿಲ್ಲಿಸಿದಳು. ಅಂದೇ ಯಶೋಧರಾ ನಿಶ್ಚಯ ಮಾಡಿದ್ದು, ಇದು ನಾಲ್ಕು ಮಂದಿಯ ಖೋಲಿಯಲ್ಲಿ ಕೊಳೆಯಬಾರದು, ಎಲ್ಲರಿಗೂ ಸಿಗಬೇಕು ಎಂದು. ಮೇ ರಜೆಯಲ್ಲಿ ಕೂತು ಎಲ್ಲವನ್ನೂ ಟೈಪು ಮಾಡಿದಳು. ತೊಂಬತ್ತಾರು ಪುಟದ ಶುದ್ಧ ಪ್ರತಿ. ಶುದ್ಧ ಪ್ರತಿಗೆ ಮಾರ್ಜಿನ್ನಿನ ಬರಹ ಬರುವುದಿಲ್ಲ ಎಂದು ಯಾವ ಕನ್ನಡ ಅಕ್ಕೋರನ್ನು ಕೇಳಿದರೂ ಹೇಳುತ್ತಾರೆ. ಬರಲಿಲ್ಲ. ಕೊನೆಯ ಪುಟದಲ್ಲಿ "ಮೂವರು ಗೆಳೆಯರಿಗೆ ಕೃತಜ್ಞತೆಗಳು" ಎಂದು ಹಾಕಿದಳು, ಮೊದಲ ಪುಟದಲ್ಲಿ ತನ್ನ ಹೆಸರು.

ಅದನ್ನು ಇಂಟರ್ನೆಟ್ಟಿಗೆ ಹಾಕುವ ಮೊದಲು ಕೇಳಿದಳು ಕೂಡ. ಒಂದು ಭಾನುವಾರ ಗಿರ್ಮಿಟ್ ತಿನ್ನುವಾಗ, "ಆನ್‌ಲೈನ್ ಹಾಕ್ಲೇನು?" ಎಂದಳು. "ಹಾಕು, ಹಾಕು" ಎಂದರು ಮೂವರೂ, ಬಾಯಿ ತುಂಬಿಕೊಂಡೇ. ಮಂದಿ ಓದುತ್ತಾರೆ, ಅಷ್ಟೇ ಎಂದುಕೊಂಡರು. ಯಶೋಧರಾ ಹಾಕಿದ್ದು ಬರೀ ಓದಲಿಕ್ಕಲ್ಲ, ಮುಕ್ತ ಪರವಾನಗಿಯ ಅಡಿಯಲ್ಲಿ. ಅಂದರೆ ಯಾರು ಬೇಕಾದರೂ ಇದನ್ನು ನಕಲು ಮಾಡಬಹುದು, ಬದಲಿಸಬಹುದು, ಇದರ ಮಂದಿಯನ್ನು ಇಟ್ಟುಕೊಂಡು ಹೊಸ ಕಥೆ ಕಟ್ಟಬಹುದು, ಅಚ್ಚು ಹಾಕಿ ಮಾರಲೂಬಹುದು. ಮೂಲ ಯಾರದೆಂದು ಹೇಳಿದರೆ ಸಾಕು. ಒಮ್ಮೆ ಕೊಟ್ಟದ್ದನ್ನು ಕೊಟ್ಟವರು ತಿರುಗಿ ಕಸಿದುಕೊಳ್ಳುವಂತಿಲ್ಲ.

ಇದರಲ್ಲಿ ಅವಳಿಗೆ ಒಂದು ಹಟವಿತ್ತು, ಆ ಹಟಕ್ಕೆ ಕಾರಣವಿತ್ತು. ಅವಳ ಮುತ್ತಜ್ಜ ಮೈಲಾರಪ್ಪ ಸಾಲಿಯ ಕಟ್ಟೆಯ ಹೊರಗೆ ಬಿಸಿಲಲ್ಲಿ ಕೂತು, ಒಳಗಿನ ಮಕ್ಕಳ ಮಗ್ಗಿ ಕೇಳಿ ಕಲಿತವನು. ಒಳಗೆ ಕರೆಯುವವರಿರಲಿಲ್ಲ. ಅವಳ ಅಪ್ಪ ನೌಕರಿ ಸಿಕ್ಕಿದ ಮರುವರ್ಷವೇ ಲಕಮನಹಳ್ಳಿಯ ಮನೆಯ ಮುಂದಿನ ಖೋಲಿಯಲ್ಲಿ ವಾಚನಾಲಯ ತೆರೆದು, ಅದಕ್ಕೆ ಕೀಲಿ ಹಾಕಬಾರದೆಂದು ಬಾಗಿಲ ಕೊಂಡಿಯನ್ನೇ ಕಿತ್ತಿಸಿದ್ದ. ಅಂಥ ಮನೆಯ ಮಗಳು "ಎಲ್ಲ ಹಕ್ಕುಗಳನ್ನು ಕಾಯ್ದಿರಿಸಿದೆ" ಎಂದು ಹೇಗೆ ಬರೆದಾಳು?

ಎಂಟು ತಿಂಗಳಲ್ಲಿ ಏಳಗಸಿ ಎಲ್ಲೆಲ್ಲೋ ಹೋಯಿತು. ಕಲಬುರಗಿಯಲ್ಲಿ ಆಡಿದರು, ಶಿವಮೊಗ್ಗದಲ್ಲಿ ಆಡಿದರು. ಹನ್ನೊಂದು ಮಂದಿ ಹೊಸ ಕಥೆ ಬರೆದು ಕಳಿಸಿದರು. ಧಾರವಾಡದ ಒಬ್ಬ ಪ್ರಕಾಶಕರು ಪುಸ್ತಕ ಮಾಡುತ್ತೇವೆಂದರು, ಪ್ರೂಫೂ ಬಂತು. ಯಶೋಧರಾ ಪ್ರೂಫನ್ನು ಮಡಿಲ ಕೂಸಿನ ಹಾಗೆ ಬಸ್ಸಿನಲ್ಲಿ ಹೊತ್ತು ತಿರುಗಿದಳು. ಹೆಮ್ಮೆಪಟ್ಟಳು. ಪಡಬಾರದ್ದೇನಲ್ಲ.

ಹನ್ನೊಂದರಲ್ಲಿ ಒಂದು ಕಥೆಯ ಹೆಸರು "ಬಳೆಗಾರ್ತಿಯ ಗುಟ್ಟು". ದೂರದ ಊರಿನ ಕಾಲೇಜು ವಿದ್ಯಾರ್ಥಿ ಬರೆದದ್ದು. ಬುಶ್ರಾಳ ಔಷಧದಂಗಡಿಗೆ ತರಬೇತಿಗೆ ಬಂದಿದ್ದ ಹುಡುಗಿ ಮೊಬೈಲು ಹಿಡಿದುಕೊಂಡು ಬಂದು, "ಮೇಡಮ್, ನೀವೂ ಈ ಆಟ ಆಡತೀರಂತಲ್ರಿ, ಇದನ್ನ ಓದ್ರಿ, ಭಾರಿ ಐತಿ" ಎಂದಳು. ಬುಶ್ರಾ ಔಷಧದ ರ‍್ಯಾಕುಗಳ ನಡುವೆ ನಿಂತೇ ಓದಿದಳು.

ಆ ಭಾನುವಾರ ಅವಳು ಬಂದದ್ದು ತಡವಾಗಿ. ಚಪ್ಪಲಿ ಬಿಟ್ಟಳು, ಕೂಡಲಿಲ್ಲ.

"ಅಕ್ಕಾ, ಮದೀನಾಬಿಗೆ ಗಲ್ಲಾತಂತ. ನಿನಗ ಗೊತ್ತೈತೇನ?"

ಯಶೋಧರಾಗೆ ಗೊತ್ತಿತ್ತು. ಆ ಕಥೆಯನ್ನು ಅವಳು ಓದಿದ್ದಳು, ಕಾಗುಣಿತ ಕೂಡ ತಿದ್ದಿಕೊಟ್ಟಿದ್ದಳು. ಓದುವಾಗ ಕಥೆ ಬಿಗಿಯಾಗಿದೆ ಎಂದಷ್ಟೇ ಅನ್ನಿಸಿತ್ತು.

"ಅದು ಆ ಹುಡುಗನ ಕಥಿ ಬುಶ್ರಾ. ನಮ್ಮ ಏಳಗಸ್ಯಾಗ ಆಗಿದ್ದಲ್ಲ."

"ಬಳೀ ಒಳಗ ವಿಷಾ ತುಂಬಕೊಂಡು ಮನಿಮನಿಗೆ ಹೋಗಿ ಹೆಣ್ಣಮಕ್ಕಳನ್ನ ಕೊಲ್ಲತಾಳಂತ. ವೈರಿ ರಾಜಾನ ಕಡಿಯಾಕಿ ಅಂತ. ಮೊದಲಿಂದಾನೂ ಮೋಸಗಾರ್ತಿ ಅಂತ. ಹೆಸರು ಮದೀನಾಬಿ ಅಂತನ ಐತಿ. ಅಷ್ಟ ದೊಡ್ಡ ಊರಾಗ ಒಬ್ಬಾಕಿ ನಮ್ಮ ಹೆಸರಿನಾಕಿ ಅದಾಳ, ಆಕಿ ಕೈಯಾಗ ವಿಷಾನ ಇರಬೇಕೇನ ಅಕ್ಕಾ?"

ಸೌಮ್ಯಾ ತಲೆ ತಗ್ಗಿಸಿ ದಾಳಗಳನ್ನು ಡಬ್ಬಿಗೆ ತುಂಬತೊಡಗಿದಳು.

"ಅವಾ ಬೇಕಂತ ಮಾಡಿಲ್ಲ" ಎಂದಳು ಯಶೋಧರಾ. "ಎಲ್ಲಾ ಮನಿ ಬಾಗಲಾ ತಗಸೂ ಹೆಣ್ಣಮಗಳು ಅಂದ್ರ ಬೇಹುಗಾರ್ತಿ ಮಾಡೂಣು ಅಂತ ಅವನ ತಲ್ಯಾಗ ಬಂದಿರತೈತಿ."

"ಬೇಕಂತ ಮಾಡಿದ್ರ ಬೈದು ಸುಮ್ಮನಾಗತಿದ್ದೆ. ನೀ ಅದನ್ನ ತಗಸು."

"ತಗಸಾಕ ಬರಂಗಿಲ್ಲ. ಮುಕ್ತ ಪರವಾನಗಿ ಅದು. ಒಮ್ಮೆ ಕೊಟ್ಟ ಮ್ಯಾಲೆ ಮುಗೀತು. ಬೇಕಾದ್ರ ಮುಂದಿನ ಪ್ರತಿಯೊಳಗ ಹೆಸರು ಬದಲಿ ಮಾಡೂಣು."

"ಯಾರು ಕೊಟ್ರು ಅಕ್ಕಾ?" ಎಂದಳು ಬುಶ್ರಾ. "ನಮ್ಮ ಖೋಲ್ಯಾಗ ಆಕಿಗೆ ಜ್ವರಾ ಬರಸಬೇಕಂದ್ರೂ ನನ್ನ ಕೇಳತಿದ್ರಿ."

ಚಪ್ಪಲಿ ಮೆಟ್ಟಿ ಹೋದಳು. ಬಾಳವ್ವ ಕೆಳಗಿನಿಂದ, "ತಿಂದ ಹೋಗಬೇ" ಎಂದು ಕೂಗಿದ್ದೂ ಅವಳಿಗೆ ಕೇಳಿಸಲಿಲ್ಲ. ಮುಂದಿನ ಭಾನುವಾರ ಬರಲಿಲ್ಲ, ಅದರ ಮುಂದಿನ ಭಾನುವಾರವೂ ಇಲ್ಲ. ಫೋನು ಎತ್ತಲಿಲ್ಲ.

ಯಶೋಧರಾಳ ಅಣ್ಣ ರಾಜರತ್ನ ಧಾರವಾಡ ಕೋರ್ಟಿನಲ್ಲಿ ವಕೀಲ. ಹೊಲ, ಗಟಾರು, ಬಾಂದದ ಜಗಳ ಬಿಟ್ಟು ಬೇರೆ ಕೇಸು ಅವನ ಹತ್ತಿರ ಬರುವುದು ಅಪರೂಪ. ಆದರೂ ಒಂದು ಮುಂಜಾನೆ ಯಶೋಧರಾ ಅವನ ಎದುರು ಕೂತಳು. ಅವಳು ಸಲಹೆ ಕೇಳಲು ಹೋದದ್ದಲ್ಲ, ನಿಜ ಹೇಳಬೇಕೆಂದರೆ. ಪರವಾನಗಿ ಹಿಂದೆಗೆಯಲು ಬರುವುದಿಲ್ಲ, ನಿನ್ನ ತಪ್ಪೇನೂ ಇಲ್ಲ ಎಂದು ಒಬ್ಬ ವಕೀಲನ ಬಾಯಿಂದ ಕೇಳಿ ಹಗುರಾಗಬೇಕೆಂದು ಹೋದದ್ದು. ರಾಜರತ್ನ ಪರವಾನಗಿಯ ಹಾಳೆಗಳನ್ನು ಎರಡು ಸಲ ಓದಿ, ಚಹಾ ಮುಗಿಸಿ, "ಉತಾರ ತೋರಸು" ಎಂದ.

"ಯಾವ ಉತಾರ?"

"ನಿಮ್ಮ ಊರಿಂದು. ಯಾವ ಜಾಗಾ ಯಾರ ಹೆಸರಿಲೆ ಐತಿ ಅಂತ ಎಲ್ಲೆರ ಬರದಿರಬೇಕಲ್ಲ."

ಅವಳು ನಾಲ್ಕೂ ನೋಟಬುಕ್ಕು ತಂದಿಟ್ಟಳು. ರಾಜರತ್ನ ಹೊಲದ ಕಾಗದ ನೋಡುವಷ್ಟೇ ನಿಧಾನವಾಗಿ ಪುಟ ತಿರುವಿದ. ಮಾರ್ಜಿನ್ನಿನಲ್ಲಿ ನೇರಳೆ ಮಸಿಯಲ್ಲಿ ಬುಶ್ರಾ, ಬುಶ್ರಾ, ಬುಶ್ರಾ. ಮದೀನಾಬಿಯ ಕೂಗು, ಮಲಾರ, ಅವಳ ಮನೆ, ಅವಳು ರಾಣಿಗೆ ಹೇಳಿದ ಬುದ್ಧಿಮಾತು, ಎಲ್ಲ ಬುಶ್ರಾಳ ಕೈಬರಹದಲ್ಲೇ.

"ಇದ ನೋಡು ಉತಾರ" ಎಂದ. "ಅಣ್ಣತಮ್ಮರ ಜಂಟಿ ಹೊಲಾ ಇರತೈತಿ. ಒಬ್ಬಾವ ಉಳದವರ ಸಹಿ ಇಲ್ಲದ ಇಡೀ ಹೊಲಾ ಬಕ್ಷೀಸ ಪತ್ರ ಮಾಡಿ ಕೊಟ್ಟ ಅಂತ ತಿಳಿ. ಅವನ ಪಾಲು ಹೋಗತೈತಿ. ಉಳದವರದು ಹೋಗಂಗಿಲ್ಲ. ತಗೊಂಡಾವ ಎಷ್ಟ ಛಲೋ ಮನಷ್ಯಾ ಇದ್ರೂ ಹೋಗಂಗಿಲ್ಲ."

"ವಾಪಸ್ ತಗೊಳ್ಳಾಕ ಬರಂಗಿಲ್ಲ ಅಂತ ಬರದೈತಲ್ಲಣ್ಣ."

"ನಿಂದು ವಾಪಸ್ ಬರಂಗಿಲ್ಲ. ಆಕಿದು ಹೋಗೇ ಇಲ್ಲ, ವಾಪಸ್ ಬರೂ ಮಾತೆಲ್ಲಿಂದು?"

"ನಾ ಕೇಳಿದ್ನಲ್ಲ. ಹಾಕು ಅಂದಿದ್ಲು."

"ಓದಾಕ ಹಾಕು ಅಂದಾಳ. ದಾನಾ ಮಾಡು ಅಂದಾಳೇನ? ಸಹಿ ಮಾಡ್ಯಾಳೇನ?" ರಾಜರತ್ನ ನೋಟಬುಕ್ಕು ಮುಚ್ಚಿದ. "ಬಳಿ ಒಡದ್ರ ಲುಕ್ಸಾನ ಯಾರದು ಅನ್ನೂ ನಿಯಮಕ್ಕ ಮಾಲಕರಿಲ್ಲ. ಆಟದ ನಿಯಮಾ ಯಾರ ಬೇಕಾದ್ರೂ ಆಡಬಹುದು. ಮದೀನಾಬಿ ಅನ್ನಾಕಿ, ಆಕಿ ಮಾತು, ಆಕಿ ನಡೀ, ಅದು ಬುಶ್ರಾ ಬರದದ್ದು. ಆಕಿ ಇವತ್ತ ಒಪ್ಪಿ ಸಹಿ ಮಾಡಿದ್ರ ಎಲ್ಲಾ ಸರಿ ಹೋತು. ಬ್ಯಾಡ ಅಂದ್ರ ನಿನ್ನ ಪುಸ್ತಕದಿಂದ ತಗೀಬೇಕು, ಆ ಹುಡುಗನೂ ತಗೀಬೇಕು, ಮದೀನಾಬಿನ್ನ ತಗೊಂಡವರು ಎಲ್ಲಾರೂ ತಗೀಬೇಕು."

ಯಶೋಧರಾಗೆ ಸಿಟ್ಟು ಬಂತು. ಸರಿಯಾದ ಮಾತಿಗೆ ಬರುವ ಸಿಟ್ಟು ಬೇರೆಯೇ ಇರುತ್ತದೆ, ಅದಕ್ಕೆ ಎಲ್ಲಿ ಕಚ್ಚಬೇಕೆಂದು ತಿಳಿಯುವುದಿಲ್ಲ. "ಅಪ್ಪ ಬಾಗಲದ ಕೊಂಡೀನ ಕಿತ್ತಿಸಿದ್ರು. ಮುತ್ತಜ್ಜ ಹೊರಗ ಕುಂತಿದ್ದ. ಎಲ್ಲಾರಿಗೂ ತಗದಿಡೂದು ತಪ್ಪೇನ?" ಎಂದಳು.

"ಅಪ್ಪ ಕಿತ್ತಿಸಿದ್ದು ನಮ್ಮ ಮನಿ ಕೊಂಡಿ" ಎಂದ ಅಣ್ಣ. "ಬಾಜೂದವರ ಮನೀದಲ್ಲ."

ಅವಳು ಎದ್ದು ಹೋಗುವಾಗ ಬಾಗಿಲಲ್ಲಿ ತಿರುಗಿ ನಿಂತು, "ಆಕಿಗೆ ಇದೆಲ್ಲಾ ಗೊತ್ತಿಲ್ಲ" ಎಂದಳು. ರಾಜರತ್ನ ಪೇಪರಿನಿಂದ ಮುಖ ಎತ್ತಲಿಲ್ಲ. "ಹೇಳೂದು ಬಿಡೂದು ನಿನಗ ಬಿಟ್ಟದ್ದು" ಎಂದ.

ಅಲ್ಲೇ ಇತ್ತು ಎಲ್ಲ. ಇನ್ನು ತೆಗೆಸಲು ಬರುವುದಿಲ್ಲ, ಮುಗಿದುಹೋಯಿತು ಎಂದು ಬುಶ್ರಾ ನಂಬಿದ್ದಳು, ಯಶೋಧರಾಳ ಮಾತಿನ ಮೇಲೆಯೇ ನಂಬಿದ್ದಳು. ಸುಮ್ಮನಿದ್ದರೆ ಪುಸ್ತಕ ಅಚ್ಚಾಗುತ್ತಿತ್ತು, ಎಂಟನೆಯ ತರಗತಿಯ ಆ ಕಾವಲುಗಾರ್ತಿ ಹುಡುಗಿ ಅಚ್ಚಿನ ಪುಸ್ತಕದಲ್ಲಿ ತನ್ನ ಅಗಸಿಯನ್ನು ನೋಡುತ್ತಿದ್ದಳು, ಕಾಲ ಕಳೆದಂತೆ ಬುಶ್ರಾಳ ಸಿಟ್ಟೂ ಇಳಿಯುತ್ತಿತ್ತು. ಹೇಳಿದರೆ ಏಳು ವರ್ಷದ ಕೆಲಸದ ನಡುಗಂಬ ಕೀಳುವ ಹಕ್ಕನ್ನು ತಾನೇ ಅವಳ ಕೈಗೆ ಕೊಟ್ಟಂತೆ. ಯಶೋಧರಾ ಕೆಟ್ಟವಳಲ್ಲ, ಆದರೆ ಹದಿನೈದು ದಿನ ಸುಮ್ಮನಿದ್ದಳು. ಪರೀಕ್ಷೆ ಮುಗಿಯಲಿ ಅಂದುಕೊಂಡಳು. ಪೇಪರು ತಿದ್ದುವುದು ಮುಗಿಯಲಿ ಅಂದುಕೊಂಡಳು. ಮನುಷ್ಯನಿಗೆ ನೆವಕ್ಕೇನು ಬರ, ಅದರಲ್ಲೂ ಮಾಸ್ತರಿಕೆಯವರಿಗೆ.

ಪ್ರಕಾಶಕರು ಫೋನು ಮಾಡಿ, "ಅಕ್ಕೋರ, ಪ್ರೂಫ್ ಸಹಿ ಮಾಡಿ ಕಳಸ್ರಿ, ಸೋಮವಾರ ಮಶೀನಿಗೆ ಹಾಕತೇವಿ" ಎಂದರು. ಅವಳು ಪೆನ್ನು ತೆಗೆದಳು. ಮೊದಲ ಪುಟದ ಕೆಳಗೆ ಒಂದು ಸಾಲಿತ್ತು, ಅವಳೇ ಬರೆದದ್ದು: "ಇದು ನನ್ನ ಸ್ವಂತ ರಚನೆ." ಹನ್ನೊಂದು ವರ್ಷದಿಂದ ಮಕ್ಕಳ ನಕಲು ಹಿಡಿದ ಕೈ ಅದು. ಆ ಸಾಲಿನ ಕೆಳಗೆ ಸಹಿ ಹಾಕಲಾಗಲಿಲ್ಲ.

ಶನಿವಾರ ಸಾಲಿ ಮಧ್ಯಾಹ್ನಕ್ಕೇ ಬಿಟ್ಟಿತು. ನೇರ ಹಳೇ ಹುಬ್ಬಳ್ಳಿಗೆ ಹೋದಳು. ಬುಶ್ರಾ ಬಾಗಿಲು ತೆರೆದಳು, ಬಾ ಎನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಒಳಗೆ ನಾನಿ ಚಾಪೆಯ ಮೇಲೆ ಬಳೆಯ ಪೆಟ್ಟಿಗೆ ಬಿಚ್ಚಿಕೊಂಡು ಕೂತಿದ್ದಳು. ಮೊಣಕಾಲು ಹಿಡಿದ ಮೇಲೆ ತಿರುಗುವುದು ನಿಂತಿತ್ತು, ಈಗ ಓಣಿಯ ಹೆಣ್ಣುಮಕ್ಕಳೇ ಅವಳ ಹತ್ತಿರ ಬರುತ್ತಿದ್ದರು. ನಿಜವಾದ ಮದೀನಾಬಿ ಆಟದವಳಿಗಿಂತ ಗಿಡ್ಡ, ಹೆಚ್ಚು ಬಾಯಿಬಡುಕಿ.

"ಬರ್ರಿ ಅಕ್ಕೋರ, ಬರ್ರಿ. ಎಷ್ಟ ದಿನಾತು. ಕೈ ಯಾಕ ಬರಿದು? ಗಡಿಯಾರ ಕಟ್ಟಿದ್ರ ಬಳಿ ಇಟ್ಟಂಗೇನ್ರಿ? ಕೂಡ್ರಿ."

ಕೂತಳು. ಮದೀನಾಬಿ ಅವಳ ಎಡಗೈ ಹಿಡಿದು, ಬೆರಳುಗಳನ್ನು ಕೂಡಿಸಿ ಹಿಂಡಿ, ಅಳತೆ ನೋಡಿ, ಹಸಿರು ಬಳೆ ಒಂದೊಂದಾಗಿ ಏರಿಸತೊಡಗಿದಳು. ಮೂರನೆಯದು ಗೆಣ್ಣಿನ ಹತ್ತಿರ ಚಟ್ಟನೆ ಮುರಿಯಿತು.

"ಅದನ್ನೂ ಹಿಡೀರಿ ಅಮ್ಮಾ, ನಾ ಕೊಡತೇನಿ" ಎಂದಳು ಯಶೋಧರಾ.

"ಛೇ ಛೇ. ನನ್ನ ಕೈಯಾಗ ಒಡದದ್ದು, ನನ್ನ ಲುಕ್ಸಾನ" ಎಂದು ಮುದುಕಿ ಚೂರುಗಳನ್ನು ತಾಟಿಗೆ ಹಾಕಿ ಮತ್ತೊಂದು ತೆಗೆದಳು.

ಕೈ ಮುದುಕಿಯ ಹಿಡಿತದಲ್ಲಿತ್ತು, ಎದ್ದು ಓಡುವಂತಿರಲಿಲ್ಲ. ಯಶೋಧರಾ ಬುಶ್ರಾಳ ಕಡೆ ತಿರುಗಿ ಎಲ್ಲವನ್ನೂ ಹೇಳಿದಳು. ಕೊಡಲು ಮದೀನಾಬಿ ತನ್ನವಳಾಗಿರಲಿಲ್ಲ ಎಂದು ಹೇಳಿದಳು. ಮಾರ್ಜಿನ್ನು ಬಿಟ್ಟು ಬರೆದದ್ದು ಹೇಳಿದಳು. "ಮುಗೀತು ಅಂತ ನಾ ಹೇಳಿದ್ದು ಸುಳ್ಳ. ನನಗ ಗೊತ್ತಾಗಿ ಹದಿನೈದು ದಿನಾತು, ಆದ್ರೂ ಹೇಳಿರಲಿಲ್ಲ. ನೀ ಬ್ಯಾಡ ಅಂದ್ರ ಬ್ಯಾಡ. ಎಲ್ಲಾ ಕಡೆ ತಗೀಬೇಕಾಗತೈತಿ."

"ಯಾವ ಮದೀನಾಬಿ? ನಾನ?" ಎಂದಳು ಮುದುಕಿ, ಬಳೆ ಹಿಡಿದ ಕೈ ತಡೆದು.

ಈಗ ತಬ್ಬಿಬ್ಬಾದವಳು ಬುಶ್ರಾ. ಏಳು ವರ್ಷದಿಂದ ನಾನಿಯನ್ನು ಪ್ರತಿ ಭಾನುವಾರ ವಿದ್ಯಾನಗರಕ್ಕೆ ಒಯ್ಯುತ್ತಿದ್ದುದನ್ನು ಅವಳು ಮನೆಯಲ್ಲಿ ಬಾಯಿಬಿಟ್ಟಿರಲಿಲ್ಲ. ತಡವರಿಸಿಕೊಂಡು ಹೇಳಿದಳು: ಒಂದು ಆಟವಿದೆ, ಅದರಲ್ಲಿ ನೀನಿದ್ದೀ, ನೀನು ಕೂಗಿದರೆ ಕೋಟೆಯ ಬಾಗಿಲು ತೆರೆಯುತ್ತದೆ.

"ನನ್ನ ಕೇಳಿದ್ದೇನ ನೀ?"

"ಇಲ್ಲ ನಾನಿ."

"ಕಳ್ಳಿ" ಎಂದಳು ಮುದುಕಿ. ಆದರೆ ಮುಖ ಅರಳಿತ್ತು. "ರಾಣಿಗೂ ಬಳಿ ಇಡತೇನೇನ? ಒಡದ್ರ ಯಾರ ಲುಕ್ಸಾನ ಅಲ್ಲೆ?"

"ನಿಂದ."

"ಹಾಂ, ಹಂಗಾದ್ರ ಬರೋಬರಿ ಐತಿ. ಮತ್ತ ಜಗಳಾ ಯಾತಕ್ಕ?"

ಬುಶ್ರಾ ಗೆಳತಿಯ ಮುಖ ನೋಡಿದಳು. ಯಶೋಧರಾ ನೆಲ ನೋಡಿದಳು. ಕೊನೆಗೆ ಬುಶ್ರಾಳೇ ಹೇಳಿದಳು, ವಿಷದ ಬಳೆಯ ವಿಷಯ, ಗಲ್ಲಿನ ವಿಷಯ, ಆದಷ್ಟು ಚಿಕ್ಕದಾಗಿ.

ಮದೀನಾಬಿ ಹಿಡಿದಿದ್ದ ಬಳೆಯನ್ನು ಪೆಟ್ಟಿಗೆಯ ಮೇಲಿಟ್ಟಳು. ನಗು ಹೋಗಿತ್ತು. ಯಶೋಧರಾಳ ಕೈಯನ್ನು ಮಾತ್ರ ಬಿಟ್ಟಿರಲಿಲ್ಲ.

"ಗಲ್ಲಿಗೆ ಹಾಕವಲ್ರ್ಯಾಕ" ಎಂದಳು. "ಸಾಯೂ ವಯಸ್ಸ ಆಗೇತಿ. ಆ ವಿಷದ ಮಾತು ಬ್ಯಾಡ ಅಕ್ಕೋರ. ಐವತ್ತ ವರ್ಷ ಮಂದಿ ಮನಿ ಒಳಗ ಹೋಗೇನಿ. ಲಿಂಗಾಯತರ ಮನಿ, ಬ್ರಾಹ್ಮಣರ ಮನಿ, ಗಂಡಸೂರಿಗೆ ಹೊಚ್ಚಲಾ ದಾಟಾಕ ಬಿಡದ ಮನಿಗೂ ಹೋಗೇನಿ. ಬಾಣಂತಿ ಖೋಲಿತನಕಾ ಕರದಾರ. ಆಕಿ ಕೈಯಾಗ ಏನೋ ಐತಿ ಅಂತ ಒಬ್ಬರ ಒಂದ ಮಾತ ಅಂದಿದ್ರ ಯಾರು ಬಾಗಲಾ ತಗೀತಿದ್ರು? ನಾ ಬಳಿ ಮಾರಿಲ್ಲ ಅಕ್ಕೋರ. ಮಂದಿ ನಂಬಿ ಬಾಗಲಾ ತಗದಿದ್ದಕ್ಕ ಉಂಡೇನಿ."

ಯಶೋಧರಾಳ ಕಣ್ಣು ತುಂಬಿತು. ಅವಳು ಆ ಕಥೆಯ ಕಾಗುಣಿತ ತಿದ್ದಿದ್ದಳು. ಅಷ್ಟು ಹತ್ತಿರ ಮುಖ ಇಟ್ಟು ಓದಿಯೂ ಇದು ಕಂಡಿರಲಿಲ್ಲವಲ್ಲ ಎಂದು ನಾಚಿಕೆಯಾಯಿತು.

"ನಾ ಬ್ಯಾಡ ಅಂದ್ರ ನಿಂದೇನಾಕ್ಕೈತಿ ಅಕ್ಕಾ?" ಬುಶ್ರಾ ಕೇಳಿದಳು.

"ಪುಸ್ತಕಾ ಆಗಂಗಿಲ್ಲ ಅನಸತೈತಿ. ಆಕಿ ಇಲ್ಲದ ಅದು ಉಪ್ಪಿಲ್ಲದ ಸಾರು. ಹನ್ನೊಂದೂ ಮಂದಿಗೆ ಬರದು ಕ್ಷಮಾ ಕೇಳಬೇಕು."

ಬುಶ್ರಾ ಗೋಡೆಗೆ ಒರಗಿ ಬಹಳ ಹೊತ್ತು ಯೋಚಿಸಿದಳು. ಅವಳಿಗೂ ಆ ಪುಸ್ತಕ ಬೇಕಿತ್ತು. "ಬ್ಯಾಡ ಅಂತೇನಿ" ಎಂದಳು.

"ಆತು" ಎಂದಳು ಯಶೋಧರಾ. ತಾಟಿನಲ್ಲಿದ್ದ ಹಸಿರು ಚೂರು ನೋಡಿದಳು. "ಲುಕ್ಸಾನ ನಂದು."

ಮದೀನಾಬಿ ಡಜನ್ ಮುಗಿಸಿ, ಮೇಲೆ ಒಂದು ಹೆಚ್ಚಿನ ಬಳೆ ಏರಿಸಿ, ಕೈ ಬಿಟ್ಟಳು.

ಆಮೇಲಿನದು ಬರೀ ಕೆಲಸ. ಯಶೋಧರಾ ಪ್ರೂಫನ್ನು ಸಹಿ ಮಾಡದೆ ತಿರುಗಿ ಕೊಟ್ಟಳು, ಪ್ರಕಾಶಕರು ಒಂದು ವಾರ ಅವಳ ಹೆಸರು ಹೇಳಿ ಸಿಡುಕಿದರು. ಹನ್ನೊಂದು ಪತ್ರ ಬರೆದಳು, ತಪ್ಪು ನನ್ನದು, ನಿಮ್ಮದಲ್ಲ ಎಂದು ಪ್ರತಿಯೊಂದರಲ್ಲೂ ಬರೆದಳು. ಕಾಲೇಜು ಹುಡುಗ ಅಂದೇ ಉತ್ತರಿಸಿದ: "ಅವರು ನಿಜವಾಗಿ ಇದ್ದಾರೆಂದು ಗೊತ್ತಿರಲಿಲ್ಲ ಮೇಡಮ್, ತೆಗೆದಿದ್ದೇನೆ, ಅವರಿಗೆ ಹೇಳಿ." ಒಬ್ಬರು ಕೊಟ್ಟು ಕಸಿದುಕೊಳ್ಳುವುದು ಯಾವ ನ್ಯಾಯ ಎಂದು ಬೈದು ಬರೆದು, ಬೈದಾದ ಮೇಲೆ ತೆಗೆದರು. ಇಬ್ಬರು ಉತ್ತರಿಸಲೇ ಇಲ್ಲ, ಅವರ ಪ್ರತಿಗಳು ಈಗಲೂ ಎಲ್ಲೋ ತಿರುಗುತ್ತಿವೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಗುರುಪಾದ, ಸೌಮ್ಯಾ ತಮ್ಮ ಪಾಲಿಗೆ ಕಾಗದದ ಮೇಲೆ ಸಹಿ ಮಾಡಿಕೊಟ್ಟರು. "ಏಳಗಸ್ಯಾಗಿನ ನನ್ನ ಅರಳಿ ಗೋದಾಮ ಯಾರರ ಸುಡವಲ್ರ್ಯಾಕ" ಎಂದ ಗುರುಪಾದ. ಹೊಸ ಏಳಗಸಿ ಎಪ್ಪತ್ತೊಂದು ಪುಟ. ಪ್ರತಿ ಪುಟಕ್ಕೂ ಅಗಲ ಮಾರ್ಜಿನ್ನು, ಮಾರ್ಜಿನ್ನಿನಲ್ಲಿ ಹೆಸರು. ನಿಯಮ ಉಳಿಯಿತು, ಬಳೆಗಾರ್ತಿ ಇಲ್ಲ.

ಐದು ಭಾನುವಾರ ಮೂವರೇ ಆಡಿದರು. ಯಶೋಧರಾ ಬಸ್ಸಿನಿಂದ ಇಳಿದು ಆ ಮನೆಯ ಹೊರಗೆ ಬಿಟ್ಟ ಚಪ್ಪಲಿಗಳನ್ನು ಮೊದಲು ಎಣಿಸುತ್ತಿದ್ದಳು. ಬುಶ್ರಾ ಬ್ಯಾಡ ಎಂದದ್ದು ಪುಸ್ತಕಕ್ಕೋ ತನಗೋ ಅವಳಿಗೆ ಗೊತ್ತಿರಲಿಲ್ಲ. ಕೇಳುವ ಮುಖವೂ ಇರಲಿಲ್ಲ.

ಆರನೆಯ ಭಾನುವಾರ ಆಟದಲ್ಲಿ ಹೊತ್ತು ಮುಳುಗಿತ್ತು. ನಾಲ್ಕನೆಯ ಅಗಸಿ ಮುಚ್ಚಿತ್ತು. ಗುರುಪಾದನ ಸಿಪಾಯಿ, ಸೌಮ್ಯಾಳ ಹಕೀಮ ಹೊರಗೆ ಸಿಕ್ಕಿಬಿದ್ದಿದ್ದರು, ಹಿಂದೆ ದರೋಡೆಕೋರರು. ಸಿಪಾಯಿ ಗೋಡೆ ಹತ್ತಲು ಹೋದ, ದಾಳ ಕೆಟ್ಟು ಬಿತ್ತು. ಹಕೀಮ ಅವನನ್ನು ಎತ್ತಲು ಹೋದ, ಅದೂ ಕೆಟ್ಟು ಬಿತ್ತು, ಪೆಟ್ಟು ಹಕೀಮನಿಗೇ ಆಯಿತು.

"ಈಗೇನ ಮಾಡತೀರಿ?" ಎಂದಳು ಯಶೋಧರಾ.

"ಬಳೀ..." ಎಂದಿತು ಮೆಟ್ಟಿಲ ಕಡೆಯಿಂದ ಒಂದು ದನಿ.

ಬುಶ್ರಾ ಚಪ್ಪಲಿ ಬಿಟ್ಟು ಬಂದು ತನ್ನ ಜಾಗದಲ್ಲಿ ಕೂತಳು. ಚೀಲದಿಂದ ನೇರಳೆ ಪೆನ್ನು ತೆಗೆದಿಟ್ಟಳು. ಗುರುಪಾದ ಬಾಯಿ ತೆರೆದ, ಸೌಮ್ಯಾ ಮೇಜಿನ ಕೆಳಗೆ ಅವನ ಕಾಲು ತುಳಿದಳು.

ಯಶೋಧರಾ ಅವಳ ಕಡೆ ದಾಳ ಸರಿಸಿದಳು. ಆದರೂ ರೂಢಿ ರೂಢಿಯೇ. "ಕೇಳಿ ಬಂದೀಯೇನ?" ಎಂದಳು.

"ಕೇಳಿ ಬಂದೇನಿ" ಎಂದಳು ಬುಶ್ರಾ. "ಈ ಖೋಲಿ ಬಿಟ್ಟು ಎಲ್ಲೂ ಒಯ್ಯಬ್ಯಾಡ ಅಂದಾಳ. ಅಕ್ಕೋರ ಬಳಿ ಒಡದಾವೇನ ನೋಡಿ ಬಾ ಅಂದಾಳ."

ಯಶೋಧರಾ ಕೈ ಮುಂದೆ ಚಾಚಿದಳು. ಹದಿಮೂರೂ ಇದ್ದವು. ಆಮೇಲೆ ಕಥೆಯ ದನಿಯಲ್ಲಿ ಅಗಸಿಯ ಬಾಗಿಲು ತೆರೆಯಿತು ಎಂದು ಹೇಳಿದಳು.